ಬೆಟ್ಟದ ತುದಿಗೆ ಹೋಗಬೇಕಾ? ಮೊದಲು ಗೇಟಿನ ಹೊತ್ತು ನೋಡಿ

"ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಕಾರು ಮೇಲಿನ ತನಕ ಹೋಗುತ್ತಾ?" "ಬಿಳಿಗಿರಿರಂಗನ ಬೆಟ್ಟದಲ್ಲಿ ಸೂರ್ಯ ಮುಳುಗೋದು ನೋಡಿಕೊಂಡು ರಾತ್ರಿ ಮೈಸೂರಿಗೆ ವಾಪಸ್ ಬರಬಹುದಾ?" "ಕಾಡಿನ ವಾಚ್ ಟವರ್ ಹತ್ತೋಕೆ ಟಿಕೆಟ್ ಎಲ್ಲಿ ಸಿಗುತ್ತೆ?"

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಒಂದೊಂದೇ ಪದದ ಉತ್ತರ ಬೇಕೆಂದರೆ: ಹೋಗಲ್ಲ, ಆಗಲ್ಲ, ಸಿಗಲ್ಲ. ಆದರೆ ಇಷ್ಟು ಹೇಳಿ ಸುಮ್ಮನಾದರೆ ನಿಮಗೆ ಉಪಯೋಗವಿಲ್ಲ. ಮೈಸೂರು, ಮಂಡ್ಯದವರಿಗೆ ಒಂದೇ ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಎಷ್ಟೊಂದು ಬೆಟ್ಟಗಳಿವೆ. ಹಾಗಿದ್ದೂ ಅರ್ಧ ಜನ ಚೆಕ್‌ಪೋಸ್ಟಿನಿಂದಲೇ ಬೇಸರದಿಂದ ತಿರುಗಿ ಬರುತ್ತಾರೆ. ಕಾರಣ ಕಾಲಿನ ಶಕ್ತಿ ಅಲ್ಲ, ಹೊತ್ತಿನ ಲೆಕ್ಕ ತಪ್ಪುವುದು. ಕಾಡಿನ ಬೆಟ್ಟದಲ್ಲಿ ದಿನ ಶುರುವಾಗುವುದೂ ಮುಗಿಯುವುದೂ ಗೇಟಿನ ಹೊತ್ತಿಗೆ. ಇದೊಂದು ಮನಸ್ಸಿನಲ್ಲಿದ್ದರೆ ಉಳಿದದ್ದು ಸುಲಭ.

1. ಬೆಟ್ಟ ಯಾರ ಕೈಯಲ್ಲಿದೆ ಅಂತ ತಿಳಿದುಕೊಳ್ಳಿ

ನಮ್ಮ ಕಡೆಯ ಬೆಟ್ಟಗಳನ್ನು ನಾನು ಮೂರು ಬಗೆ ಮಾಡುತ್ತೇನೆ.

ಮೊದಲನೆಯದು ಊರಿಗೆ ಅಂಟಿಕೊಂಡ ದೇವಸ್ಥಾನದ ಬೆಟ್ಟಗಳು. ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟ, ಮೇಲುಕೋಟೆಯ ಯೋಗಾನರಸಿಂಹಸ್ವಾಮಿ ಬೆಟ್ಟ, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ. ಇಲ್ಲಿ ಮೆಟ್ಟಿಲಿದೆ, ಜನ ಇರುತ್ತಾರೆ. ಮೊದಲ ಸಲ ಹೋಗುವವರು ಇಲ್ಲಿಂದಲೇ ಶುರು ಮಾಡಿ.

ಎರಡನೆಯದು ಹುಲಿ ಸಂರಕ್ಷಿತ ಪ್ರದೇಶದ ಒಳಗಿರುವ ಬೆಟ್ಟಗಳು. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮತ್ತು ಬಿಳಿಗಿರಿರಂಗನ ಬೆಟ್ಟ. ಎರಡೂ ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿವೆ. ದೇವಸ್ಥಾನ ತೆರೆದಿದ್ದರೂ ದಾರಿ ಕಾಡಿನದು. ಹಾಗಾಗಿ ಇಲ್ಲಿ ನಡೆಯುವುದು ಅರಣ್ಯ ಇಲಾಖೆಯ ಮಾತು.

ಮೂರನೆಯದು ಚಾರಣದ ಬೆಟ್ಟಗಳು. ಅಂದರೆ ರಸ್ತೆ ಇಲ್ಲದೆ ಗಂಟೆಗಟ್ಟಲೆ ಕಾಡುದಾರಿಯಲ್ಲಿ ನಡೆದು ಹತ್ತಬೇಕಾದವು. ಕೊಡಗಿನ ತಡಿಯಂಡಮೋಳ್, ಸುಬ್ರಹ್ಮಣ್ಯದ ಕಡೆಯ ಕುಮಾರ ಪರ್ವತ ಈ ಸಾಲಿಗೆ ಸೇರುತ್ತವೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಜನ ಮುಗಿಬಿದ್ದರು. ಅದಾದ ಮೇಲೆ ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಕಡೆ ಚಾರಣವನ್ನೇ ನಿಲ್ಲಿಸಿದರು. ಈಗ ಅರಣ್ಯ ಇಲಾಖೆಯ "ಅರಣ್ಯ ವಿಹಾರ" ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ಒಂದು ದಾರಿಗೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. "ಅಲ್ಲಿಗೆ ಹೋಗಿ ನೋಡೋಣ, ಹೇಗಾದರೂ ಬಿಡ್ತಾರೆ" ಅಂತ ಹೊರಡಬೇಡಿ, ಬಿಡುವುದಿಲ್ಲ.

ಈ ಲೇಖನದಲ್ಲಿ ಮೊದಲ ಎರಡು ಬಗೆಯ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಕೇಳುವವರೂ ಅವುಗಳ ಬಗ್ಗೆಯೇ ಕೇಳುವುದು.

2. ಎತ್ತರದ ಅಂಕಿಯನ್ನು ಸರಿಯಾಗಿ ಓದಿ

"ಚಾಮುಂಡಿ ಬೆಟ್ಟ 3,489 ಅಡಿ" ಅಂತ ಓದಿ ಹೆದರಿದವರನ್ನು ನೋಡಿದ್ದೇನೆ. ಆ ಅಂಕಿ ಸಮುದ್ರ ಮಟ್ಟದಿಂದ ಅಳೆದದ್ದು. ಮೈಸೂರು ಊರೇ ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಬೆಟ್ಟದ ತುದಿ ಸುಮಾರು 1,060 ಮೀಟರ್. ಅಂದರೆ ನೀವು ನಿಜವಾಗಿ ಹತ್ತುವುದು 300 ಮೀಟರಿನ ಆಸುಪಾಸು. ಯಾವ ಬೆಟ್ಟಕ್ಕೇ ಹೋಗಿ, ತುದಿಯ ಎತ್ತರದಲ್ಲಿ ಬುಡದ ಎತ್ತರ ಕಳೆದು ನೋಡಿ. ನಿಮ್ಮ ಕಾಲಿಗೆ ಬೇಕಾದ ಅಂಕಿ ಅದು.

ಸಮುದ್ರ ಮಟ್ಟದ ಅಂಕಿ ಬೇರೊಂದಕ್ಕೆ ಬೇಕಾಗುತ್ತದೆ. ಚಳಿಯ ಲೆಕ್ಕಕ್ಕೆ. ನೂರು ಮೀಟರ್ ಮೇಲೆ ಹೋದಂತೆ ತಾಪಮಾನ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್. ಮೈಸೂರಿಗಿಂತ ಹೆಚ್ಚುಕಡಿಮೆ 4 ಡಿಗ್ರಿ ತಂಪು ಅಂತಾಯಿತು. ಅದರ ಮೇಲೆ ಬಯಲಿನ ಗಾಳಿ, ಮಂಜಿನ ತೇವ. ಮೈಸೂರಿನಲ್ಲಿ ಬೆಳಿಗ್ಗೆ ಬರೀ ಅಂಗಿಯಲ್ಲಿ ಹೊರಟವರು ಅಲ್ಲಿ ನಡುಗುತ್ತಾರೆ. ಮಕ್ಕಳಿಗೆ, ವಯಸ್ಸಾದವರಿಗೆ ಕಿವಿ ಮುಚ್ಚುವ ಟೋಪಿ, ಸ್ವೆಟರ್ ತಪ್ಪದೆ ಇಟ್ಟುಕೊಳ್ಳಿ.

3. ತಿಂಗಳು ಆರಿಸಿ

ಅಕ್ಟೋಬರಿನಿಂದ ಜನವರಿವರೆಗೆ ಒಳ್ಳೆಯ ಕಾಲ. ಮಳೆ ಗಾಳಿಯ ಧೂಳನ್ನೆಲ್ಲ ತೊಳೆದಿರುತ್ತದೆ, ಹುಲ್ಲು ಹಸಿರಾಗಿರುತ್ತದೆ. ದೂರದ ನೋಟ ಬೇಕಿದ್ದರೆ ಜೋರು ಮಳೆ ಬಂದು ನಿಂತ ಮರುದಿನ ಬೆಳಿಗ್ಗೆ ಹೋಗಿ. ಅಂಥ ದಿನ ಚಾಮುಂಡಿ ಬೆಟ್ಟದಿಂದಲೇ ದಕ್ಷಿಣಕ್ಕೆ ನೀಲಗಿರಿ ಸಾಲು ನೀಲಿ ಗೆರೆಯಂತೆ ಕಾಣುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಮತ್ತು ಜಾರಿಕೆ. ಮಂಜು ನೋಡಲೆಂದೇ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರಿಗೆ ಇದೇ ಸರಿಯಾದ ಸಮಯ. ಆದರೆ ನೋಟ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಹತ್ತು ಹೆಜ್ಜೆ ಮುಂದಿನದ್ದೂ ಕಾಣದ ದಿನಗಳಿರುತ್ತವೆ.

ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಬೆಂಕಿಯ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬಿದ್ದ ಬೆಂಕಿ ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಗೋಪಾಲಸ್ವಾಮಿ ಬೆಟ್ಟದ ವಲಯವೂ ಅದರಲ್ಲಿ ಬೆಂದುಹೋಯಿತು. ಆ ಕಪ್ಪು ಬೆಟ್ಟಗಳನ್ನು ನೋಡಿದವರಿಗೆ ಅದು ಮರೆಯುವಂಥದ್ದಲ್ಲ. ಈ ತಿಂಗಳುಗಳಲ್ಲಿ ಚಾರಣದ ದಾರಿಗಳನ್ನು ಮುಚ್ಚುತ್ತಾರೆ. ಹಾಗೆ ಮುಚ್ಚುವುದು ಸರಿಯೇ ಅಂತ ನನ್ನ ಅಭಿಪ್ರಾಯ. ಒಂದು ಬೀಡಿ ತುಂಡು ಸಾಕು.

ಇನ್ನೊಂದು ಮಾತು. ಕಾಡಿನ ಬಾಗಿಲು ಇದ್ದಕ್ಕಿದ್ದಂತೆ ಮುಚ್ಚುವುದೂ ಉಂಟು. ಹುಲಿ ದಾಳಿಗಳ ಕಾರಣಕ್ಕೆ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಿದ್ದರು. ಹೊರಡುವ ಹಿಂದಿನ ದಿನ ಸುದ್ದಿ ನೋಡಿಕೊಳ್ಳುವುದು ಒಳ್ಳೆಯದು.

4. ಚಾಮುಂಡಿ ಬೆಟ್ಟದಲ್ಲಿ ಕಾಲು ಪಳಗಿಸಿ

ಕಾಡಿನ ಬೆಟ್ಟಕ್ಕೆ ಹೋಗುವ ಎರಡು ವಾರ ಮುಂಚೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಸಾವಿರದ ಎಂಟು ಮೆಟ್ಟಿಲು ಅಂತ ಎಲ್ಲರ ಬಾಯಲ್ಲಿರುವ ಲೆಕ್ಕ. ಅಭ್ಯಾಸ ಇಲ್ಲದವರಿಗೆ ಮುಕ್ಕಾಲರಿಂದ ಒಂದು ಗಂಟೆ ಬೇಕು. ಬುಡದ ಕಡೆಯ ಮೆಟ್ಟಿಲು ಕಡಿದು. ಹೊಸಬರು ಅಲ್ಲೇ ಓಡಿ ಸುಸ್ತಾಗಿ, ನಂದಿ ಸೇರುವ ಮೊದಲೇ ಕೂತುಬಿಡುತ್ತಾರೆ. ನಿಧಾನಕ್ಕೆ ಶುರು ಮಾಡಿ. ಪಕ್ಕದವರ ಜೊತೆ ಮಾತಾಡುತ್ತಾ ಹತ್ತಲು ಆಗುತ್ತಿದೆಯೇ? ಅದೇ ಸರಿಯಾದ ವೇಗ. ಮಾತು ನಿಂತು ಬರೀ ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ.

ಒಂದೇ ಬಂಡೆಯಲ್ಲಿ ಕೆತ್ತಿದ ನಂದಿ ದೊಡ್ಡ ದೇವರಾಜ ಒಡೆಯರ ಕಾಲದ್ದು, ಅಂದರೆ 17ನೇ ಶತಮಾನದ್ದು. ಅಲ್ಲಿ ಹತ್ತು ನಿಮಿಷ ಕೂತು ನೀರು ಕುಡಿಯಿರಿ. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರು ಸಿಗುತ್ತಾರೆ. ಅವರನ್ನು ದಾಟುವಾಗ ಪಕ್ಕಕ್ಕೆ ಸರಿದು ಹೋಗಿ, ಹಚ್ಚಿದ ಕುಂಕುಮ ತುಳಿಯಬೇಡಿ.

ಆಷಾಢ ಶುಕ್ರವಾರಗಳು ಮತ್ತು ಅಮ್ಮನವರ ವರ್ಧಂತಿಯ ದಿನ ಅಭ್ಯಾಸಕ್ಕೆ ಹೋಗಬೇಡಿ. ಭಕ್ತಿಗೆ ಹೋಗುವುದಾದರೆ ಆ ಮಾತು ಬೇರೆ.

ಇಳಿಯುವುದೇ ನಿಜವಾದ ಪರೀಕ್ಷೆ. ಮಂಡಿ ನೋವು ಬರುವುದು ಹತ್ತುವಾಗ ಅಲ್ಲ, ಇಳಿಯುವಾಗ. ನಮ್ಮ ಮಾವನವರು ಹುರುಪಿನಲ್ಲಿ ಹತ್ತಿಬಿಟ್ಟು, ಇಳಿಯುವಾಗ ನಂದಿಯ ಹತ್ತಿರ ಕೂತವರು ಮುಂದೆ ಹೆಜ್ಜೆ ಇಡಲಾಗದೆ ಆಟೊ ಕರೆಸಬೇಕಾಯಿತು. ಮಂಡಿ ತೊಂದರೆ ಇರುವವರು ಹತ್ತಿ, ಇಳಿಯುವಾಗ ಬಸ್ ಹಿಡಿಯಿರಿ. 201ನೇ ನಂಬರ್ ನಗರ ಬಸ್ ಬೆಟ್ಟದಿಂದ ಸಿಟಿ ಬಸ್ ನಿಲ್ದಾಣಕ್ಕೆ ಬರುತ್ತದೆ.

ಮಂಡ್ಯದವರಿಗೆ ಇದೇ ಅಭ್ಯಾಸಕ್ಕೆ ಮೇಲುಕೋಟೆ ಸಾಕು. ಯೋಗಾನರಸಿಂಹನ ಮೆಟ್ಟಿಲು ಕಡಿಮೆ, ನೋಟ ದೊಡ್ಡದು. ಮಧ್ಯಾಹ್ನ ಹೋಗಬೇಡಿ. ಚಪ್ಪಲಿ ಬಿಟ್ಟ ಮೇಲೆ ಬಿಸಿ ಕಲ್ಲಿನ ಮೇಲೆ ನಿಲ್ಲಲಾಗುವುದಿಲ್ಲ. ದಪ್ಪ ಕಾಲುಚೀಲ ಒಂದು ಜೊತೆ ಚೀಲದಲ್ಲಿರಲಿ. ಪಾಂಡವಪುರದ ಕುಂತಿ ಬೆಟ್ಟಕ್ಕೂ ಜನ ಹೋಗುತ್ತಾರೆ. ಅಲ್ಲಿ ಮೆಟ್ಟಿಲು ಮುಗಿದ ಮೇಲೆ ಬಂಡೆ. ಮಳೆಗಾಲದಲ್ಲಿ ಬಂಡೆಯ ಮೇಲಿನ ಪಾಚಿ ಕಣ್ಣಿಗೆ ಕಾಣದಂತೆ ಜಾರುತ್ತದೆ. ಆ ದಿನಗಳಲ್ಲಿ ಬೇಡ. ಕತ್ತಲಲ್ಲಿ ಅನುಮತಿ ಇಲ್ಲದೆ ಹತ್ತುವುದಂತೂ ಬೇಡವೇ ಬೇಡ.

5. ಗೋಪಾಲಸ್ವಾಮಿ ಬೆಟ್ಟ: ಗಂಟೆ ಗಂಟೆಯ ಲೆಕ್ಕ

ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರ್. ಅಲ್ಲಿಂದ ಊಟಿ ರಸ್ತೆಯಲ್ಲಿ ಹಂಗಳದವರೆಗೆ ಹೋಗಿ ಬಲಕ್ಕೆ ತಿರುಗಬೇಕು. ಬೆಟ್ಟದ ಬುಡದವರೆಗೆ ಒಟ್ಟು 80 ಕಿಲೋಮೀಟರಿನ ಲೆಕ್ಕ ಇಟ್ಟುಕೊಳ್ಳಿ.

ನಾನು ಹೇಳುವ ಸಮಯ ಹೀಗಿದೆ. ಬೆಳಿಗ್ಗೆ 6ಕ್ಕೆ ಮೈಸೂರು ಬಿಡಿ. 7:30ರ ಹೊತ್ತಿಗೆ ಗುಂಡ್ಲುಪೇಟೆಯಲ್ಲಿ ತಿಂಡಿ. ಪೆಟ್ರೋಲ್, ಎಟಿಎಂ, ಶೌಚಾಲಯ ಎಲ್ಲ ಕೆಲಸ ಅಲ್ಲೇ ಮುಗಿಸಿ. ಎಂಟೂವರೆ ಹೊತ್ತಿಗೆ ಬುಡದಲ್ಲಿರಿ.

ಖಾಸಗಿ ವಾಹನ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಘಾಟಿ ರಸ್ತೆಗೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ನಡೆದು ಹತ್ತಲು ಬಿಡುವುದಿಲ್ಲ. ಬೈಕಿನವರಿಗೂ ವಿನಾಯಿತಿ ಇಲ್ಲ. ಮೊದಲು ಬೇಸರವಾಗಬಹುದು. ಆದರೆ ನೂರಾರು ಕಾರು ಹಾರ್ನ್ ಹೊಡೆಯುತ್ತಾ ಆ ಹುಲ್ಲುಗಾವಲಿನ ನಡುವೆ ನಿಲ್ಲುವುದನ್ನು ಸ್ವಲ್ಪ ಯೋಚಿಸಿ. ಬಸ್ಸಿನ ವ್ಯವಸ್ಥೆ ಬಂದದ್ದು ಆ ಬೆಟ್ಟಕ್ಕೆ ಆದ ದೊಡ್ಡ ಉಪಕಾರ.

ಬಸ್ ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿಕೊಳ್ಳಿ: "ಅಣ್ಣಾ, ಮೇಲಿಂದ ಕೊನೇ ಬಸ್ ಎಷ್ಟೊತ್ತಿಗೆ?" ಸಾಮಾನ್ಯವಾಗಿ ಸಂಜೆ 4ರ ಸುಮಾರಿಗೆ ಎಲ್ಲ ಮುಗಿಯುತ್ತದೆ. ಆದರೆ ಮಂಜು, ಆನೆ, ಜನಸಂದಣಿ ನೋಡಿಕೊಂಡು ಅದು ಹಿಂದೆಮುಂದೆ ಆಗುತ್ತದೆ. ಮಧ್ಯಾಹ್ನ ಎರಡರ ಮೇಲೆ ಬುಡ ಮುಟ್ಟಿದವರಿಗೆ ಮೇಲೆ ನಿಲ್ಲಲು ಸಮಯವೇ ಸಿಗುವುದಿಲ್ಲ. ಭಾನುವಾರ ಸಾಲು ಉದ್ದ ಇರುತ್ತದೆ. ಸೋಮವಾರದಿಂದ ಗುರುವಾರದ ಒಳಗೆ ಹೋಗಲಾಗುವವರು ದಯವಿಟ್ಟು ಆಗಲೇ ಹೋಗಿ.

ಮೇಲೆ ಹೋದ ತಕ್ಷಣ ಮಂಜು ಕವಿದಿದ್ದರೆ ನಿರಾಶರಾಗಬೇಡಿ. ಮೊದಲು ದರ್ಶನ ಮುಗಿಸಿ. ದೇವಸ್ಥಾನ ಹೊಯ್ಸಳ ಬಲ್ಲಾಳನ ಕಾಲದ್ದು, 1315ರದ್ದು ಅಂತ ಹೇಳುತ್ತಾರೆ. ಗರ್ಭಗುಡಿಯ ಹತ್ತಿರ ಸದಾ ತಣ್ಣನೆಯ ತೇವ. ಹೊರಗೆ ಬರುವ ಹೊತ್ತಿಗೆ, ಚಳಿಗಾಲವಾದರೆ ಹತ್ತು ಗಂಟೆಯ ಮೇಲೆ, ಮಂಜು ಪರದೆ ಎಳೆದ ಹಾಗೆ ಸರಿಯುತ್ತದೆ. ಆಗ ಕಾಣುವುದು ಮಡಿಕೆ ಮಡಿಕೆಯಾದ ಹುಲ್ಲಿನ ಬೆಟ್ಟಗಳು, ಅವುಗಳ ಸಂದಿನಲ್ಲಿ ಕಡು ಹಸಿರು ಗುಂಪು ಮರಗಳು. ಈ ಗುಂಪು ಮರಗಳ ಕಾಡಿಗೆ ಶೋಲಾ ಅನ್ನುತ್ತಾರೆ. ಗಾಳಿ ಕಡಿಮೆ ಇರುವ, ನೀರು ಇಂಗುವ ಕಣಿವೆಗಳಲ್ಲಿ ಕುಳ್ಳ ಮರಗಳು ಒತ್ತಾಗಿ ಬೆಳೆದ ಕಾಡು ಅದು. ಸುತ್ತಲಿನ ಹುಲ್ಲು ಮಳೆ ನೀರನ್ನು ಹಿಡಿದು ಕೆಳಗಿನ ಹಳ್ಳಗಳಿಗೆ ನಿಧಾನಕ್ಕೆ ಬಿಡುತ್ತದೆ. ಬರೀ ಬೋಳು ಗುಡ್ಡ ಅಂತ ಅಂದುಕೊಳ್ಳಬೇಡಿ.

ಇಲ್ಲಿ ಜಾಸ್ತಿ ಜನ ಮಾಡುವ ತಪ್ಪು ಎಂದರೆ ಫೋಟೊಗಾಗಿ ಬೇಲಿ ದಾಟಿ ಹುಲ್ಲಿಗೆ ಇಳಿಯುವುದು. ಹುಲ್ಲು ಸಪಾಟಾಗಿ ಕಾಣುತ್ತದೆ, ನಿಜಕ್ಕೂ ಇಳಿಜಾರು. ದೇವಸ್ಥಾನದ ಹತ್ತಿರಕ್ಕೇ ಆನೆ ಬರುವುದುಂಟು. ಕಾವಲಿನವರು "ಒಳಗೆ ಬನ್ನಿ" ಎಂದರೆ ಪ್ರಶ್ನೆ ಕೇಳದೆ ಒಳಗೆ ಹೋಗಿ. ಅವರು ಆ ಆನೆಯನ್ನು ದಿನಾ ನೋಡಿದವರು.

6. ಬಿಳಿಗಿರಿರಂಗನ ಬೆಟ್ಟ: ಇಲ್ಲಿ ಲೆಕ್ಕ ಬೇರೆ

ಇಲ್ಲಿಗೆ ಸ್ವಂತ ವಾಹನ ಹೋಗುತ್ತದೆ. ಆದರೆ ಕಾಡಿನ ಗೇಟು ಸಂಜೆಗೆ ಮುಚ್ಚುತ್ತದೆ. ಅದಕ್ಕೇ ಸೂರ್ಯಾಸ್ತ ನೋಡಿ ಅದೇ ರಾತ್ರಿ ಮೈಸೂರಿಗೆ ಮರಳುವ ಯೋಜನೆ ನಡೆಯುವುದಿಲ್ಲ. ಬೆಟ್ಟದ ಮೇಲೆಯೇ ಉಳಿಯಲು ಮೊದಲೇ ವ್ಯವಸ್ಥೆ ಮಾಡಿಕೊಂಡವರಿಗೆ ಮಾತ್ರ ಅದು ಸಾಧ್ಯ. ಒಂದೇ ದಿನಕ್ಕೆ ಬರುವವರು ಮಧ್ಯಾಹ್ನ ಮೂರಕ್ಕೆಲ್ಲ ಇಳಿಯಲು ಶುರು ಮಾಡಿ.

ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟರೆ ಜೋಪಾನ ಮಾಡಿ. ಆಚೆ ಗೇಟಿಗೆ ಎಷ್ಟು ಹೊತ್ತಿಗೆ ತಲುಪಿದಿರಿ ಅಂತ ನೋಡಲು ಆ ಚೀಟಿ. ಬೇಗ ಹೋದರೆ ವೇಗ ಮಿತಿ ಮೀರಿದಿರಿ ಅಂತ, ತಡವಾದರೆ ನಡುವೆ ನಿಲ್ಲಿಸಿದಿರಿ ಅಂತ ಗೊತ್ತಾಗುತ್ತದೆ. ದಾರಿಯಲ್ಲಿ ಇಳಿಯಬೇಡಿ, ಮೂತ್ರಕ್ಕೂ ಇಳಿಯಬೇಡಿ. ರಸ್ತೆ ಬದಿಯ ಲಂಟಾನ ಪೊದೆ ಎಷ್ಟು ಒತ್ತಾಗಿದೆ ಎಂದರೆ ಹತ್ತು ಅಡಿ ಒಳಗೆ ನಿಂತ ಆನೆಯೂ ಕಾಣುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಫೋಟೊಗಾಗಿ ಆನೆಯ ಹತ್ತಿರ ಹೋದವರೊಬ್ಬರನ್ನು ಅದು ಅಟ್ಟಿಸಿಕೊಂಡು ಬಂದು ಕೆಡವಿತು. ಅವರ ಜೀವ ಉಳಿದದ್ದೇ ದೊಡ್ಡದು.

ದೇವಸ್ಥಾನ ದೊಡ್ಡ ಬಂಡೆಯ ಅಂಚಿನಲ್ಲಿದೆ. ಆ ಬಿಳಿ ಬಂಡೆಯಿಂದಲೇ ಬಿಳಿಗಿರಿ ಎಂಬ ಹೆಸರು. ಅಂಚಿನ ಕಂಬಿಗೆ ಒರಗಿ ನಿಲ್ಲಬೇಡಿ, ಮಕ್ಕಳ ಕೈ ಬಿಡಬೇಡಿ. ಈ ಕಾಡಿನ ಬುಡಕಟ್ಟು ಜನರಾದ ಸೋಲಿಗರಿಗೆ ಇಲ್ಲಿನ ದೇವರು ರಂಗ ಭಾವ. ಅವರ ಮನೆಯ ಮಗಳು ಕುಸುಮಾಲೆಯನ್ನು ಮದುವೆಯಾದ ಅಳಿಯ ಅಂತ ಅವರ ಕಥೆ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕೂ ಸಿಕ್ಕಿತು. ಕಾಡಿನೊಳಗಿನ ದೊಡ್ಡ ಸಂಪಿಗೆ ಮರ ಅವರು ಪೂಜಿಸುವ ಜಾಗ. ಅಲ್ಲಿಗೆ ಸುಮ್ನೆ ನುಗ್ಗುವಂತಿಲ್ಲ. ಅನುಮತಿ ಇದ್ದು, ಜೊತೆಗೆ ಅಲ್ಲಿನವರು ಇದ್ದರೆ ಮಾತ್ರ ಹೋಗಿ. ಸೋಲಿಗರು ಜೊತೆಗಿದ್ದರೆ ಕಾಡು ಬೇರೆಯದೇ ಆಗಿ ಕಾಣುತ್ತದೆ. ನಾವು ಬರೀ ಹಸಿರು ನೋಡುವ ಕಡೆ ಅವರು ಹತ್ತು ಗಿಡದ ಹೆಸರು ಹೇಳುತ್ತಾರೆ.

ಗೋಪಾಲಸ್ವಾಮಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟ ಎರಡನ್ನೂ ಒಂದೇ ದಿನ ಮುಗಿಸಬಹುದಾ? ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ. ಎರಡು ಕಡೆಯ ಗೇಟು, ಬಸ್ಸಿನ ಸಾಲು ಸೇರಿದರೆ ಎರಡನ್ನೂ ಕಿಟಕಿಯಿಂದಷ್ಟೇ ನೋಡಿದಂತಾಗುತ್ತದೆ. ಒಂದು ದಿನಕ್ಕೆ ಒಂದೇ ಬೆಟ್ಟ.

7. ವಾಚ್ ಟವರ್: ಯಾವುದು ನಿಮಗೆ, ಯಾವುದು ಅಲ್ಲ

ಜನ ತುಂಬಾ ತಪ್ಪು ತಿಳಿದಿರುವುದು ಈ ವಿಷಯದಲ್ಲಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಡಿನ ರಸ್ತೆಯಿಂದ ಗುಡ್ಡದ ನೆತ್ತಿಯಲ್ಲಿ ಕಾಣುವ ಗೋಪುರಗಳು ಪ್ರವಾಸಿಗರಿಗೆ ಕಟ್ಟಿದ್ದಲ್ಲ. ಬೇಸಿಗೆಯಲ್ಲಿ ವಾಚರ್‌ಗಳು, ಅಂದರೆ ಇಲಾಖೆಯ ಕಾವಲುಗಾರರು, ಅದರ ಮೇಲೆ ಕೂತು ಹೊಗೆ ಹುಡುಕುತ್ತಾರೆ. ದೂರದಲ್ಲಿ ಒಂದು ಎಳೆ ಹೊಗೆ ಕಂಡರೂ ದಿಕ್ಕು ನೋಡಿ ವೈರ್‌ಲೆಸ್‌ನಲ್ಲಿ ತಿಳಿಸುತ್ತಾರೆ. ಕೆಳಗಿನ ತಂಡ ಬೆಂಕಿ ಬಡಿದು ಆರಿಸಲು ಸೊಪ್ಪು ಹಿಡಿದು ಓಡುತ್ತದೆ. ಅಂಥ ಗೋಪುರದ ಕೆಳಗೆ ಗುಂಪಾಗಿ ನಿಂತು "ಒಂದೇ ಒಂದು ಸಲ ಹತ್ತಿ ಇಳೀತೀವಿ" ಅಂತ ಕಾಡಬೇಡಿ. ಸಂರಕ್ಷಿತ ಕಾಡಿಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಡ್ರೋನ್ ಹಾರಿಸುವುದೂ ಹಾಗೆಯೇ, ಅನುಮತಿ ಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ತಪ್ಪಿದೆ. ಬೆಂಕಿ ರೇಖೆಯನ್ನು ಕಾಲುದಾರಿ ಅಂತ ತಿಳಿಯುವುದು. ಬೇಸಿಗೆಗೆ ಮೊದಲು ರಸ್ತೆ ಬದಿಯಲ್ಲಿ, ಕಾಡಿನ ನಡುವೆ ಅಗಲವಾದ ಪಟ್ಟಿಯಂತೆ ಹುಲ್ಲು, ಪೊದೆ ತೆಗೆದು ಸುಡುತ್ತಾರೆ. ಒಂದು ಕಡೆ ಬಿದ್ದ ಬೆಂಕಿ ಇನ್ನೊಂದು ಕಡೆಗೆ ದಾಟದಿರಲಿ ಅಂತ. ನೋಡಲು ಗುಡ್ಡದ ತುದಿಗೆ ಹೋಗುವ ನೀಟಾದ ದಾರಿಯಂತೆ ಕಾಣುತ್ತದೆ. ಅದು ದಾರಿಯಲ್ಲ. ಎಲ್ಲಿಗೂ ತಲುಪಿಸುವುದಿಲ್ಲ. ಪ್ರಾಣಿಗಳು ಓಡಾಡಲು ಅದನ್ನೇ ಹಿಡಿಯುತ್ತವೆ ಎಂಬುದೂ ನೆನಪಿರಲಿ.

ಹಾಗಾದರೆ ಗೋಪುರ ಹತ್ತುವ ಆಸೆ? ಮೈಸೂರಿನಲ್ಲೇ ಇದೆ. ಕಾರಂಜಿ ಕೆರೆಯ ವೀಕ್ಷಣಾ ಗೋಪುರ. ಮೃಗಾಲಯದವರು ನೋಡಿಕೊಳ್ಳುವ ಜಾಗ, ಟಿಕೆಟ್ ಕೊಂಡು ಯಾರು ಬೇಕಾದರೂ ಹೋಗಬಹುದು. ಮಂಗಳವಾರ ರಜೆ, ಆ ದಿನ ಹೋಗಿ ಬಾಗಿಲು ನೋಡಿ ಬರಬೇಡಿ. ಬೆಳಿಗ್ಗೆ ತೆರೆದ ಕೂಡಲೇ ಹೋದರೆ ಸೂರ್ಯ ಕಣ್ಣಿಗೆ ಹೊಡೆಯುವ ಮೊದಲೇ ಹಕ್ಕಿಗಳನ್ನು ನೋಡಬಹುದು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಅಂದರೆ ಪೆಲಿಕನ್, ಬೆಳ್ಳಕ್ಕಿ ಎಲ್ಲ ಸಿಗುತ್ತವೆ. ಹಿಂದೆ ತಿರುಗಿದರೆ ಚಾಮುಂಡಿ ಬೆಟ್ಟ.

ಎಲ್ಲೇ ಗೋಪುರ ಹತ್ತಿದರೂ ಎಷ್ಟು ಜನ ಅಂತ ಬರೆದಿರುವ ಮಿತಿ ಮೀರಬೇಡಿ. ಅಲುಗಾಡಿಸಿ ನೋಡುವ ಆಟ ಬೇಡ. ಇಳಿಯುವಾಗ ಮುಖವನ್ನು ಏಣಿಯ ಕಡೆಗೆ ಇಟ್ಟುಕೊಂಡು ಇಳಿಯಿರಿ.

ದುರ್ಬೀನು ಕೊಳ್ಳಬೇಕೆಂದಿರುವವರಿಗೆ ಒಂದು ಮಾತು. ಅದರ ಮೇಲೆ 8x42 ಅಂತ ಬರೆದಿರುತ್ತದೆ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅರ್ಥ. ಇಷ್ಟು ಸಾಕು. 20 ಪಟ್ಟು ಅಂತ ಆಸೆಪಟ್ಟು ಕೊಂಡರೆ ಕೈ ನಡುಗಿ ಏನೂ ನಿಲ್ಲುವುದಿಲ್ಲ.

8. ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಪ್ಲಾಸ್ಟಿಕ್ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣಗಳನ್ನು ಚೆಕ್‌ಪೋಸ್ಟಿನಲ್ಲಿ ಇಳಿಸಿಕೊಳ್ಳುತ್ತಾರೆ. ಕಡಲೆಮಿಠಾಯಿ, ಟಾರ್ಚ್, ಮಳೆಕೋಟು, ದಿನಾ ತೆಗೆದುಕೊಳ್ಳುವ ಮಾತ್ರೆ, ಬ್ಯಾಂಡೇಜು. ಕೊಡೆ ಬೇಡ, ಬೆಟ್ಟದ ಗಾಳಿಗೆ ಮಗುಚುತ್ತದೆ. ಕಾಡಿನೊಳಗೆ ಫೋನ್ ಸಿಗ್ನಲ್ ನಂಬಬೇಡಿ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯವರಿಗೆ ಹೇಳಿ.

ಪ್ರಸಾದದ ಕವರನ್ನು ಕೈಯಲ್ಲಿ ಹಿಡಿದು ನಡೆಯಬೇಡಿ. ಕೋತಿಗಳಿಗೆ ಆ ಸದ್ದು ಚೆನ್ನಾಗಿ ಗೊತ್ತು. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಿದರೆ ಕಚ್ಚುತ್ತವೆ.

9. ಸಿಡಿಲು

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಇದೇ ದೊಡ್ಡ ಅಪಾಯ. ಬೆಟ್ಟದಪುರದ ದೇವರ ಹೆಸರೇ ಸಿಡಿಲು ಮಲ್ಲಿಕಾರ್ಜುನ. ಸುತ್ತ ಬಯಲು, ನಡುವೆ ಒಂಟಿ ಬೆಟ್ಟ, ತುದಿಯಲ್ಲಿ ಗುಡಿ. ಅಲ್ಲಿಗೆ ಸಿಡಿಲು ಬಡಿಯುತ್ತದೆ ಅಂತ ಹಿಂದಿನವರು ಹೆಸರಲ್ಲೇ ಹೇಳಿಟ್ಟಿದ್ದಾರೆ. ಮೆಟ್ಟಿಲು ಮೂರು ಸಾವಿರದ ಆಸುಪಾಸು ಎನ್ನುತ್ತಾರೆ. ಅಷ್ಟು ಹತ್ತಿದ ಮೇಲೆ ಮೋಡ ಕಟ್ಟಿದರೆ ಓಡಿ ಇಳಿಯಲೂ ಆಗುವುದಿಲ್ಲ.

ಲೆಕ್ಕ ಹೀಗೆ: ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಎಣಿಕೆಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮ ತನಕ ಬರುವಷ್ಟು ಹತ್ತಿರದಲ್ಲಿದೆ. ಇಳಿಯಲು ಶುರು ಮಾಡಿ. ಒಂಟಿ ಮರದ ಕೆಳಗೆ, ಕಬ್ಬಿಣದ ಗೋಪುರದಲ್ಲಿ, ಗೋಡೆ ಇಲ್ಲದ ಮಂಟಪದಲ್ಲಿ ನಿಲ್ಲಬೇಡಿ. ಕಬ್ಬಿಣದ ಕೈಹಿಡಿಕೆಯಿಂದ ಕೈ ತೆಗೆಯಿರಿ. ಗುಂಪಿನಲ್ಲಿದ್ದರೆ ಒಬ್ಬರಿಗೊಬ್ಬರು ದೂರ ದೂರ ಇರಿ. ಈ ತಿಂಗಳುಗಳಲ್ಲಿ ಹನ್ನೊಂದರ ಒಳಗೆ ತುದಿ ಬಿಟ್ಟು ಇಳಿಯುವಂತೆ ಯೋಜನೆ ಹಾಕಿ.

10. ಇಳಿದ ಮೇಲೆ

ಹುಲ್ಲು, ಪೊದೆಯ ಜಾಗದಲ್ಲಿ ಓಡಾಡಿದ್ದರೆ ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿ ನೀರಿಗೆ ಹಾಕಿ ಸ್ನಾನ ಮಾಡಿ. ಮಂಡಿಯ ಹಿಂದೆ, ಕಂಕುಳು, ಸೊಂಟದ ಸುತ್ತ ಉಣ್ಣೆ ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ. ದನಗಳಿಗೆ ಹತ್ತುವ ಆ ರಕ್ತ ಹೀರುವ ಹುಳು. ಇದ್ದರೆ ಚಿಮಟಿಗೆಯಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ, ಹಿಸುಕಬೇಡಿ. ಉಣ್ಣೆ ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ ಮಲೆನಾಡಿನದ್ದು ಮಾತ್ರ ಅಂತ ಅಂದುಕೊಳ್ಳಬೇಡಿ. 2012ರಲ್ಲಿ ಬಂಡೀಪುರದ ಕಡೆಯೂ ಅದು ಕಾಣಿಸಿಕೊಂಡಿತ್ತು. ಹೋಗಿ ಬಂದ ವಾರದೊಳಗೆ ಜೋರು ಜ್ವರ ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಅಂತ ಮೊದಲೇ ಹೇಳಿ.

ವಾಪಸ್ ಬರುವ ದಾರಿಯ ಬಗ್ಗೆ ಒಂದು ವಿಷಯ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಊಟಿ ಅಥವಾ ವಯನಾಡಿನ ಕಡೆಗೆ ಮುಂದುವರಿಯುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಮೈಸೂರಿಗೆ ಮರಳುವವರಿಗೆ ತೊಂದರೆಯಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಹೋದರೆ ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ರಸ್ತೆಯ ಎರಡೂ ಬದಿ ಹಳದಿಯಾಗಿರುತ್ತವೆ. ಕಾರು ನಿಲ್ಲಿಸುವ ಮನಸ್ಸಾಗದೆ ಇರುವುದಿಲ್ಲ. ನಿಲ್ಲಿಸಿ, ಆದರೆ ಹೊಲಕ್ಕೆ ಇಳಿಯುವ ಮೊದಲು ಅಲ್ಲಿರುವ ರೈತರನ್ನು ಕೇಳಿ. ಫೋಟೊಗೆ ಇಷ್ಟು ಅಂತ ದುಡ್ಡು ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಸಾಲು ಬಿಟ್ಟು ಗಿಡ ತುಳಿಯಬೇಡಿ.